ತಣ್ಣಗಿದ್ದಾಗ ಸರಿಯಿದ್ದ ತಂತಿ

ಹಿಂದಿನ ಕೆಲವು ಅಮೆರಿಕನ್ ಕಾರುಗಳಲ್ಲಿ, ಎಂಜಿನ್ನಿಗೆ ಕಿಡಿ ಒದಗಿಸುವ ಕಾಯಿಲಿನ ಮೇಲೆ, ಕಿರುಬೆರಳಿನಷ್ಟು ಉದ್ದದ ಒಂದು ಪಿಂಗಾಣಿ ತುಂಡು ಇರುತ್ತಿತ್ತು. ಅದಕ್ಕೆ ಸಣ್ಣ ಕಬ್ಬಿಣದ ತಂತಿ ಸುತ್ತಿರುತ್ತಿದ್ದರು. ಈಗಿನವರು ಅದನ್ನು ಬ್ಯಾಲಸ್ಟ್ ರೆಸಿಸ್ಟರ್ ಎನ್ನುತ್ತಾರೆ. ನಮ್ಮ ಷೆಡ್ಡಿನಲ್ಲಿ ಪಿಂಗಾಣಿ ತಂತಿ ಎಂದರೆ ಸಾಕಾಗಿತ್ತು. ಅಂಥದೊಂದನ್ನು ನಾನು ಪರೀಕ್ಷೆ ಮಾಡಿ ‘ಸರಿ ಇದೆ’ ಎಂದು ಚೀಟಿ ಬರೆದು ಕೊಟ್ಟೆ. ಅದಾಗಿ ಒಂದು ಗಂಟೆಯೊಳಗೆ ಚಿಕ್ಕಣ್ಣ ಎಂಬ ಡ್ರೈವರ್ ತನ್ನ ಬಲಗಾಲು ಕಳೆದುಕೊಂಡ.

ಕೆಲಸದಿಂದ ನಿವೃತ್ತನಾಗಿ ಬಸವನಗುಡಿಯ ಮನೆಯಲ್ಲಿ ಕುಳಿತಿರುವ ನನ್ನನ್ನು ಈ ಕಸುಬಿಗೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ಹುಡುಕಿಕೊಂಡು ಬರುತ್ತಾರೆ. ಫೋರ್‌ಮನ್ ಆಗಲು ಎಷ್ಟು ವರ್ಷ ಬೇಕು, ಯಾವ ಪುಸ್ತಕ ಓದಬೇಕು ಎಂದು ಕೇಳುತ್ತಾರೆ. ನಾನು ಫೋರ್‌ಮನ್ ಆದದ್ದರಲ್ಲಿ ಕಲಿಯುವಂಥದ್ದೇನೂ ಇಲ್ಲ. ಮೇಲಿದ್ದವರು ಒಬ್ಬೊಬ್ಬರಾಗಿ ಹೋದರು, ನಾನು ಉಳಿದೆ. ಹೇಳಬೇಕಾದದ್ದು ಆ ಪಿಂಗಾಣಿ ತಂತಿಯ ವಿಷಯ. ಬಾಯಲ್ಲಿ ಹೇಳಹೊರಟರೆ ಮಾತು ಅರ್ಧಕ್ಕೆ ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮಹಾಯುದ್ಧ ಮುಗಿದ ಮೇಲಿನ ವರ್ಷಗಳು ಅವು. ನಾನು ಭೌತಶಾಸ್ತ್ರ ಓದಿ ಬಿ.ಎ. ಮಾಡಿಕೊಂಡಿದ್ದೆ; ಆಗ ವಿಜ್ಞಾನ ಓದಿದವರಿಗೂ ಅದೇ ಪದವಿ ಕೊಡುತ್ತಿದ್ದರು. ಜೊತೆಯವರೆಲ್ಲ ಸರ್ಕಾರಿ ಕಚೇರಿಗಳಿಗೆ ಅರ್ಜಿ ಹಾಕಿದರೆ ನಾನು ಚಾಮರಾಜಪೇಟೆಯ ಒಂದು ಮೋಟಾರು ಷೆಡ್ಡಿಗೆ ಹೋಗಿ ಸೇರಿದೆ. ಊರಿನಲ್ಲಿ ಕಾರುಗಳು ಹೆಚ್ಚುತ್ತಿದ್ದವು, ಅವುಗಳ ವಿದ್ಯುತ್ ಭಾಗ ತಿಳಿದವರು ಕಡಿಮೆ ಇದ್ದರು. ನಮ್ಮ ತಂದೆಗೆ ಮಾತ್ರ ಇದು ಹಿಡಿಸಲೇ ಇಲ್ಲ.

“ಗುಮಾಸ್ತ ಆಗಿದ್ರೆ ನೆರಳಲ್ಲಾದ್ರೂ ಕೂತಿರ್ತಿದ್ದೆ,” ಎನ್ನುತ್ತಿದ್ದರು. “ಈಗ ನೋಡು, ನಿನ್ನ ಪಂಚೆ ಒಗೆಯೋಕೆ ಅಗಸನೂ ಒಪ್ತಿಲ್ಲ.”

ಷೆಡ್ಡಿನ ಕೆಲಸವೆಲ್ಲ ಅಂಕಯ್ಯ ಮೇಸ್ತ್ರಿಯ ಕೈಯಲ್ಲಿತ್ತು. ಮೊದಲು ಜಟಕಾ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದವರು. ಓದು ಬರಹ ಬಾರದು. ನನ್ನನ್ನು ‘ಬಿ.ಎ. ರಾಯರು’ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಸೇರಿದ ಮೊದಲ ವಾರವೇ, ಸ್ವಿಚ್ ಹಾಕಿಯೇ ಇದ್ದ ಒಂದು ಕಾರಿನ ಪಿಂಗಾಣಿ ತಂತಿಯನ್ನು ಬಿಚ್ಚಲು ಹೋಗಿ ಎರಡು ಬೆರಳು ಸುಟ್ಟುಕೊಂಡೆ.

“ಯಾಕ್ ರಾಯ್ರೇ, ತಂತಿ ಕಾಯುತ್ತೆ ಅಂತ ಕಾಲೇಜಲ್ಲಿ ಹೇಳ್ಕೊಡಲಿಲ್ವಾ?”

“ಹೇಳ್ಕೊಟ್ಟಿದ್ರು.”

“ಹಂಗಾದ್ರೆ ಇವತ್ತು ಕಲಿತ್ರಿ ಬಿಡಿ.”

ಆ ತಂತಿ ಅಲ್ಲಿ ಏಕಿದೆ ಎಂಬುದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ಮಲ್ಲೇಶ್ವರದ ಒಬ್ಬ ವಕೀಲರು, ಅವರಿಗೆ ಗೊತ್ತಿಲ್ಲದೆಯೇ. ಅವರ ಡ್ರೈವರ್ ಕಡಿದುಹೋದ ಪಿಂಗಾಣಿ ತಂತಿಯನ್ನು ಕಿತ್ತೆಸೆದು ಆ ಜಾಗಕ್ಕೆ ತಾಮ್ರದ ತಂತಿ ಬಿಗಿದಿದ್ದ. “ಇದನ್ನ ಹಾಕಿದ್ಮೇಲೆ ಒಂದೇ ಏಟಿಗೆ ಸ್ಟಾರ್ಟು!” ಎಂದು ನಮಗೇ ಬುದ್ಧಿ ಹೇಳಿ ಹೋದ. ಕೆಲವು ದಿನಗಳ ಮೇಲೆ ವಕೀಲರು ಸ್ವಿಚ್ ಆರಿಸಲು ಮರೆತು ದೇವಸ್ಥಾನದೊಳಗೆ ಹೋದರು. ಪೂಜೆ ಮುಗಿಸಿ ಬರುವಷ್ಟರಲ್ಲಿ ಕಾಯಿಲ್ ಒಳಗಿನ ಡಾಂಬರು ಕರಗಿ ಎಂಜಿನ್ ಮೇಲೆಲ್ಲ ಹರಿದಿತ್ತು. ಕಾಯಿಲ್ ಮತ್ತೆ ಕೆಲಸಕ್ಕೆ ಬರಲಿಲ್ಲ.

ವಿಷಯ ಇಷ್ಟೇ. ಹಳೆಯ ಕಾರುಗಳಲ್ಲಿ ಮ್ಯಾಗ್ನೆಟೊ ಇತ್ತು. ಎಂಜಿನ್ ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತಿತ್ತು. ಹೊಸ ಕಾರುಗಳಲ್ಲಿ ಬ್ಯಾಟರಿಯಿಂದ ಕಾಯಿಲಿಗೆ ಕರೆಂಟು ಬರುತ್ತದೆ, ಪಾಯಿಂಟುಗಳೆಂಬ ಎರಡು ಲೋಹದ ತುದಿಗಳು ಮುಚ್ಚಿ ತೆರೆದಾಗ ಕಿಡಿ ಹಾರುತ್ತದೆ. ಎಂಜಿನ್ ನಿಂತು, ಪಾಯಿಂಟುಗಳು ಮುಚ್ಚಿಕೊಂಡೇ ಇದ್ದರೆ ಕರೆಂಟು ಬಿಡುವಿಲ್ಲದೆ ಹರಿದು ಕಾಯಿಲನ್ನು ಸುಡುತ್ತದೆ. ಅದನ್ನು ತಡೆಯಲು ಮಧ್ಯೆ ಈ ಕಬ್ಬಿಣದ ತಂತಿ. ಕಾದಷ್ಟೂ ಅದು ಕರೆಂಟನ್ನು ಹೆಚ್ಚು ತಡೆಯುತ್ತದೆ, ತಣ್ಣಗಾದರೆ ಹೆಚ್ಚು ಬಿಡುತ್ತದೆ. ಕಾರು ವೇಗವಾಗಿ ಓಡುವಾಗ ಪಾಯಿಂಟುಗಳು ಮುಚ್ಚಿರುವ ಹೊತ್ತು ಕಡಿಮೆ, ಆಗ ತಂತಿ ಅಷ್ಟು ಕಾಯುವುದಿಲ್ಲ. ನಿಧಾನವಾಗಿ ಓಡುವಾಗ, ಇಲ್ಲವೆ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಹೆಚ್ಚು ಕಾಯುತ್ತದೆ. ಇದನ್ನು ನಾನು ಬೇರೆಯವರಿಗೆ ಬರೆದು ತೋರಿಸಿ ವಿವರಿಸುತ್ತಿದ್ದೆ. ನನಗೆ ಬೇಕಾದ ಹೊತ್ತಿನಲ್ಲಿ ಮಾತ್ರ ನೆನಪಾಗಲಿಲ್ಲ.

ಮೇಸ್ತ್ರಿಯ ಪರೀಕ್ಷೆ ಒಂದೇ ರೀತಿ. ತಂತಿಯನ್ನು ಕಾಯಿಲಿನ ಜೊತೆಯಲ್ಲೇ ಬ್ಯಾಟರಿಗೆ ಜೋಡಿಸಿ, ಪಾಯಿಂಟು ಮುಚ್ಚಿಟ್ಟು, ಕಾಯಲು ಬಿಡುತ್ತಿದ್ದರು. ಆಮೇಲೆ ಒಂದು ಹನಿ ನೀರು ಚಿಮುಕಿಸುತ್ತಿದ್ದರು. ನೀರು ಚುಂಯ್ ಎಂದರೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಕರೆಂಟು ತೋರಿಸುವ ಮುಳ್ಳನ್ನು ನೋಡುತ್ತಿದ್ದರು. ಮುಳ್ಳು ಒಂದು ಸಲ ನಡುಗಿದರೂ ಆ ತುಂಡು ಕಸಕ್ಕೆ. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಬೇರೆ ಕೆಲಸ ಮುಟ್ಟದೆ ಅದರ ಮುಂದೆಯೇ ಕುಳಿತಿರುತ್ತಿದ್ದರು.

ನಾನು ಬಂದ ಮೇಲೆ ಷೆಡ್ಡಿಗೆ ತಂತಿಯ ತಡೆ ಅಳೆಯುವ ಒಳ್ಳೆಯ ಮೀಟರು ತರಿಸಿದೆ. ತುಂಡನ್ನು ಬಿಚ್ಚಿ ಮೇಜಿನ ಮೇಲಿಟ್ಟು, ತಣ್ಣಗಿರುವಾಗಲೇ ಅಳೆದು, ಇರಬೇಕಾದ ಅಳತೆಯ ಜೊತೆ ಹೋಲಿಸಿ, ಚೀಟಿಯಲ್ಲಿ ಬರೆದು ಸಹಿ ಹಾಕುತ್ತಿದ್ದೆ. ಒಂದು ನಿಮಿಷದ ಕೆಲಸ. ಷೆಡ್ಡಿನ ಮ್ಯಾನೇಜರಿಗೆ ಆ ಚೀಟಿಗಳು ಬಹಳ ಇಷ್ಟವಾದವು. ಗಿರಾಕಿಗಳಿಗೂ ಸಹಿ ಇರುವ ಕಾಗದ ಎಂದರೆ ಒಂದು ನಂಬಿಕೆ. ಮೇಸ್ತ್ರಿ ಮಾತ್ರ ಒಂದು ದಿನ ಹೇಳಿದರು:

“ಅದು ಕೆಲಸ ಮಾಡೋದು ಬಿಸೀಲಿ. ನೀವು ನೋಡೋದು ತಣ್ಣಗಿದ್ದಾಗ. ಗಂಡು ನೋಡೋಕೆ ಹೋಗಿ ಅವನ ಫೋಟೋ ನೋಡ್ಕೊಂಡು ಬಂದಂಗಾಯ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಸಿಯಾದಾಗ ಎಷ್ಟಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು ಎಂದೆ. ಅದು ನಿಜವೇ. ಆದರೆ ತಂತಿ ಅಖಂಡವಾಗಿದ್ದರೆ ಮಾತ್ರ ನಿಜ. ತುದಿಯ ಬೆಸುಗೆ ಬಿರುಕು ಬಿಟ್ಟಿದ್ದರೆ, ತಣ್ಣಗಿರುವಾಗ ಎರಡೂ ಕೊನೆ ತಾಗಿಕೊಂಡೇ ಇರುತ್ತವೆ. ಕಾದು ಹಿಗ್ಗಿದಾಗ ಬೇರೆಯಾಗುತ್ತವೆ. ಅದನ್ನು ಯಾವ ಲೆಕ್ಕವೂ ಹೇಳುವುದಿಲ್ಲ.

ತರಕಾರಿ ಮಂಡಿಯ ಸಾಹುಕಾರ್ ಹನುಮಂತಪ್ಪನವರ ಕಾರು ಒಂದು ಬುಧವಾರ ಷೆಡ್ಡಿಗೆ ಬಂತು. ಅವರ ಮನೆ ಶೇಷಾದ್ರಿಪುರದಲ್ಲಿ. ಮಗಳು ಗೌರಿಯನ್ನು ಕೊಟ್ಟಿದ್ದು ಚಾಮರಾಜಪೇಟೆಗೆ. ಚೊಚ್ಚಲ ಹೆರಿಗೆಗೆ ಅವಳನ್ನು ಮರುದಿನ ತವರಿಗೆ ಕರೆದುಕೊಂಡು ಹೋಗುವುದಿತ್ತು. ಡ್ರೈವರ್ ಚಿಕ್ಕಣ್ಣನಿಗೆ ಮೂವತ್ತರ ಆಸುಪಾಸು. ಮೊದಲು ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು, ಸಾಹುಕಾರರೇ ಕಾರು ಕಲಿಸಿದ್ದರು. ಕಾರಿನ ತೊಂದರೆಯನ್ನು ಅವನು ಸರಿಯಾಗಿಯೇ ಹೇಳಿದ:

“ಒಂದೆರಡು ಮೈಲಿ ಹೋದ್ಮೇಲೆ ಸುಮ್ಸುಮ್ನೆ ನಿಂತ್ಬಿಡುತ್ತೆ ರಾಯ್ರೇ. ಇಳಿದು ಒಂದು ಬೀಡಿ ಸೇದಿ ಬಂದ್ರೆ ಮತ್ತೆ ಓಡುತ್ತೆ. ಅದಕ್ಕೂ ಚಟ ಅಂಟಿಸ್ಬಿಟ್ಟೆ ನೋಡಿ.”

ಕಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ; ತಣ್ಣಗಾಗಲು ಒಂದು ಬೀಡಿಯ ಹೊತ್ತು ಬೇಕು. ಇದಕ್ಕಿಂತ ಸ್ಪಷ್ಟವಾಗಿ ಯಾವ ಮೀಟರೂ ಹೇಳಲಾರದು. ನಾನು ಪೆಟ್ರೋಲು ಕೊಳವೆಯಲ್ಲಿ ಕಸ ಇರಬೇಕು ಎಂದುಕೊಂಡು ಅದನ್ನು ಶುಚಿ ಮಾಡಿಸಿದೆ, ಪಾಯಿಂಟುಗಳನ್ನು ಉಜ್ಜಿಸಿದೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಪಿಂಗಾಣಿ ತಂತಿಯೊಂದೇ. ಬದಲಿ ಹಾಕಲು ಇನ್ನೊಂದು ಇರಲಿಲ್ಲ, ಮದ್ರಾಸಿನಿಂದ ಬರಬೇಕಿತ್ತು.

ಸಾಹುಕಾರರು ಬಂದರು.

“ಏನ್ ಮೇಸ್ತ್ರಿ, ಆಯ್ತಾ? ಒಂದೂವರೆಗೆ ರಾಹುಕಾಲ ಬರುತ್ತೆ. ಅಷ್ಟರಲ್ಲಿ ಹುಡುಗಿ ಹೊಸಲು ದಾಟಿರ್ಬೇಕು.”

“ಇನ್ನರ್ಧ ಗಂಟೆ ಕೊಡಿ ಯಜಮಾನ್ರೇ. ತಂತಿ ಕಾಯಿಸಿ ನೋಡ್ಬೇಕು.”

“ಈಗ್ಲೇ ಒಂದು ಗಂಟೆ ಆಗೋಯ್ತಲ್ಲಯ್ಯ!”

“ಹಂಗಾದ್ರೆ ಪ್ರಸ್ಥಾನ ಇಟ್ಬಿಡಿ. ಹುಡುಗಿ ಸೀರೆ ಗಂಟನ್ನ ಈಗ ಪಕ್ಕದ ಮನೇಲಿಟ್ರೆ ಹೊರಟಂಗೇ ಲೆಕ್ಕ. ಮೂರು ಗಂಟೆ ಕಳೀಲಿ, ನಿಧಾನಕ್ಕೆ ಕರ್ಕೊಂಡೋಗಿ.”

“ಬೀಗರ ಮುಂದೆ ಗಂಟು ಇಟ್ಕೊಂಡು ನಿಂತ್ಕೊಳ್ಲಾ? ಕಾರೈತೆ ಕಾರೈತೆ ಅಂತ ಮೆರೀತಿದ್ದ, ಮಗಳನ್ನ ಕರ್ಕೊಂಡೋಗೋ ದಿನ ಷೆಡ್ಡಲ್ಲಿ ಮಲಗಿಸವ್ನೆ ಅಂತಾರೆ.”

“ಜಟಕಾ ತರಿಸ್ಲಾ?”

“ತುಂಬಿದ ಬಸುರಿ ಕಣಯ್ಯ. ಜಟಕಾದಲ್ಲಿ ಕುಲುಕಿಸ್ಕೊಂಡು ಹೋಗೋಕೆ ಅವಳೇನು ಎಲೆಕೋಸಿನ ಮೂಟೇನಾ?” ಎಂದು ಸಾಹುಕಾರರು ನನ್ನ ಕಡೆ ತಿರುಗಿದರು. “ರಾಯ್ರೇ, ನೀವು ಓದಿದೋರು. ನಿಮ್ಮ ಮೀಟರು ಒಂದು ನಿಮಿಷದಲ್ಲಿ ಹೇಳುತ್ತಂತಲ್ಲ?”

ಅಲ್ಲಿ ನಾನು ಬೇಡ ಎನ್ನಬಹುದಿತ್ತು. ರಾಹುಕಾಲದ ಮೇಲೆ ನನಗೆ ನಂಬಿಕೆ ಇರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಆದರೆ ಒಂದೂವರೆಗೆ ಮೊದಲು ಅವರನ್ನು ಹೊರಡಿಸಿಕೊಡುವ ಶಕ್ತಿ ಆ ಷೆಡ್ಡಿನಲ್ಲಿ ನನಗೊಬ್ಬನಿಗೇ ಇದೆ ಎಂಬುದು ಹಿತವಾಗಿತ್ತು. ತುಂಡನ್ನು ಮೇಜಿನ ಮೇಲಿಟ್ಟು ಅಳೆದೆ. ಮುಳ್ಳು ನಿಲ್ಲಬೇಕಾದಲ್ಲಿಯೇ ನಿಂತಿತು. ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, “ನೀವು ಬರೆದ್ಮೇಲೆ ನಂದೇನೈತೆ,” ಎಂದರು. “ಚೀಟಿ ಒಂದನ್ನೇ ಕಳಿಸ್ಬೇಡಿ. ನೀವೂ ಜೊತೇಲಿ ಹೋಗಿ.”

ಒಂದೂಕಾಲಿಗೆ ಬೀಗರ ಮನೆಯ ಬಾಗಿಲಲ್ಲಿ ಕಾರು ನಿಂತಿತ್ತು. ಹಿಂದೆ ಗೌರಿ ಮತ್ತು ಅವಳ ತಾಯಿ ವೆಂಕಮ್ಮ ಕುಳಿತರು. ಮುಂದೆ ಚಿಕ್ಕಣ್ಣನ ಪಕ್ಕ ನಾನು. ಸಾಹುಕಾರರು ಮಂಡಿಗೆ ಹೋದರು. ಉಪ್ಪಾರಪೇಟೆ ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು. ವೆಂಕಮ್ಮ ಮಗಳಿಗೆ, “ನಿಮ್ಮತ್ತೆ ಹೋಳಿಗೆಗೆ ತುಪ್ಪ ಹಾಕಿದ್ಲೋ, ತೋರಿಸಿ ಒಳಗಿಟ್ಲೋ?” ಎನ್ನುತ್ತಿದ್ದರು. ಗೌರಿ ನಗು ತಡೆಯಲಾರದೆ, “ಸುಮ್ನಿರವ್ವ, ಹೊಟ್ಟೆ ನೋಯುತ್ತೆ,” ಎಂದಳು.

ಓಕಳಿಪುರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಬಿಸಿಲು ಸುಡುತ್ತಿತ್ತು. ಮುಂದೆ ನಾಲ್ಕೈದು ಎತ್ತಿನ ಗಾಡಿಗಳು. ಒಂದು ಗೂಡ್ಸ್ ಗಾಡಿ ಬಹಳ ನಿಧಾನವಾಗಿ ಹೋಗುತ್ತಿತ್ತು.

“ಎಂಜಿನ್ ಆಫ್ ಮಾಡ್ಲಾ ರಾಯ್ರೇ?” ಎಂದ ಚಿಕ್ಕಣ್ಣ.

“ಬೇಡ, ಇರಲಿ. ಮತ್ತೆ ಸ್ಟಾರ್ಟ್ ಮಾಡೋ ಗೋಜು ಯಾಕೆ.”

ಹತ್ತು ನಿಮಿಷ ಎಂಜಿನ್ ನಿಂತಲ್ಲೇ ಮೆಲ್ಲಗೆ ಓಡುತ್ತಿತ್ತು. ಬಾನೆಟ್ಟಿನ ಕೆಳಗೆ ತಂತಿ ಕಾಯುತ್ತಿತ್ತು.

ಗೇಟು ತೆರೆಯಿತು. ಗಾಡಿಗಳು ದಾಟಿದವು, ಹಿಂದೆ ನಾವು, ಎತ್ತುಗಳ ನಡಿಗೆಯಲ್ಲಿ. ಮೊದಲ ಹಳಿ ದಾಟಿದೆವು. ಎರಡನೆಯದರಲ್ಲಿ ಮುಂದಿನ ಚಕ್ರಗಳು ಆಚೆ ಇಳಿದವು. ಆಗ ಎಂಜಿನ್ ನಿಂತಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಸುಮ್ಮನೆ ನಿಂತಿತು. ಆ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ಬಿರುಕು ಬಿಟ್ಟ ಬೆಸುಗೆ ಕಣ್ಣಿಗೆ ಕಂಡಷ್ಟು ಸ್ಪಷ್ಟವಾಗಿ ಗೊತ್ತಾಯಿತು.

ಚಿಕ್ಕಣ್ಣ ಸ್ಟಾರ್ಟರ್ ಒತ್ತಿದ. ಒತ್ತಿ ಒತ್ತಿ, ಕಿಡಿಗೆ ಸಾಕಾಗುವಷ್ಟು ಬಿಟ್ಟರೆ ಸ್ಟಾರ್ಟರ್ ತಿರುಗಿಸುವ ಶಕ್ತಿ ಬ್ಯಾಟರಿಯಲ್ಲಿ ಉಳಿಯಲಿಲ್ಲ. ಗೇಟಿನವನು ಕೂಗಿಕೊಂಡ: “ಶಂಟಿಂಗ್ ಎಂಜಿನ್ ಬರ್ತೈತೆ! ತಳ್ರೋ! ತಳ್ರೋ!” ನಾನು ಹಿಂದಿನ ಬಾಗಿಲು ತೆರೆದು ಗೌರಿಯ ಕೈ ಹಿಡಿದು ಇಳಿಸಿದೆ. ವೆಂಕಮ್ಮ ಅವಳನ್ನು ತಬ್ಬಿಕೊಂಡು ಗೇಟಿನಾಚೆಗೆ ನಡೆಸಿಕೊಂಡು ಹೋದರು. ಚಿಕ್ಕಣ್ಣ ಕಾರಿನ ಹಿಂದಕ್ಕೆ ಓಡಿ ತಳ್ಳಲು ಭುಜ ಕೊಟ್ಟಿದ್ದ. ಗಾಡಿಯವರಿಬ್ಬರು ಓಡಿಬರುತ್ತಿದ್ದರು.

ಆಗ ನಾನು ಹೇಳಿದೆ: “ತಳ್ಳೋದು ಬೇಡ ಚಿಕ್ಕಣ್ಣ. ತಂತಿ ಕಾದಿದೆ, ಅಷ್ಟೇ. ಒಂದು ನಿಮಿಷದಲ್ಲಿ ತಣ್ಣಗಾಗುತ್ತೆ. ನೀನು ಹ್ಯಾಂಡಲ್ ಹಾಕು, ಹಿಡ್ಕೊಳ್ಳುತ್ತೆ.”

ಅವನು ನನ್ನ ಮುಖ ನೋಡಿದ. ಆಮೇಲೆ, ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ತೆಗೆದುಕೊಂಡು ಕಾರಿನ ಮುಂದಕ್ಕೆ ಹೋದ. ನಾನು ಬಾನೆಟ್ ಎತ್ತಿ, ಹೆಗಲ ವಸ್ತ್ರದಿಂದ ಆ ಪಿಂಗಾಣಿ ತುಂಡಿಗೆ ಗಾಳಿ ಹಾಕಿದೆ, ಬಾಯಿಂದ ಊದಿದೆ. ಅವನು ತಿರುಗಿಸಿದ. “ಇನ್ನೊಂದ್ಸಲ,” ಎಂದೆ. ತಿರುಗಿಸಿದ. “ಇನ್ನೊಂದ್ಸಲ.” ಗಾಡಿಯವರು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಗೇಟಿನವನು ಕೆಂಪು ಬಾವುಟ ಹಿಡಿದು ಹಳಿಯ ಮೇಲೆ ಓಡುತ್ತಿದ್ದ. ರೈಲು ಎಂಜಿನ್ನಿನ ಬ್ರೇಕು ಕಿರುಚಿದ್ದು ಕೇಳಿಸಿತು. ಯಾರೋ ನನ್ನ ಕೋಟು ಹಿಡಿದು ಹಿಂದಕ್ಕೆ ಎಳೆದರು. ಚಿಕ್ಕಣ್ಣನನ್ನು ಎಳೆಯುವವರು ಇರಲಿಲ್ಲ. ಅವನು ಹ್ಯಾಂಡಲಿಗೆ ಬಗ್ಗಿದ್ದ.

ಶಂಟಿಂಗ್ ಎಂಜಿನ್ ಕಾರಿನ ಹಿಂಭಾಗಕ್ಕೆ ತಾಗಿತು. ಕಾರು ಗಿರ್ರನೆ ತಿರುಗಿ, ಅದರ ಮುಂಭಾಗ ಅವನನ್ನು ಗೇಟಿನ ಕಂಬಕ್ಕೆ ಒತ್ತಿತು.

ಅದರ ಮುಂದಿನದನ್ನು ಬರೆಯುವುದಿಲ್ಲ. ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಗೌರಿಗೆ ಏನೂ ಆಗಲಿಲ್ಲ. ಸ್ವಲ್ಪ ದಿನದ ಮೇಲೆ ಹೆಣ್ಣುಮಗು ಹೆತ್ತಳು.

ಷೆಡ್ಡಿಗೆ ಹಿಂದಿರುಗಿದಾಗ ಅಂಕಯ್ಯ ಮೇಸ್ತ್ರಿ ಎಂಜಿನ್ ಹೇಗೆ ನಿಂತಿತೆಂದು ನನ್ನಿಂದ ಕೇಳಿ ತಿಳಿದುಕೊಂಡರು. ಆಮೇಲೆ, “ಆ ಪಿಂಗಾಣಿ ತುಂಡಿನ ಎರಡು ಸ್ಕ್ರೂ ಮಧ್ಯೆ ಒಂದು ತುಂಡು ತಂತಿ ಇಟ್ಟಿದ್ರೆ ಓಡ್ತಿತ್ತಲ್ಲ ರಾಯ್ರೇ,” ಎಂದರು. “ಹೆಂಗಸ್ರ ತಲೇಲಿ ಒಂದು ಪಿನ್ನೂ ಇರಲಿಲ್ವಾ?” ಇತ್ತು. ಇಬ್ಬರ ತಲೆಯಲ್ಲೂ ಇತ್ತು. ವಕೀಲರ ಕಾರಿನ ಪ್ರಕರಣ ಆದ ಮೇಲೆ, ಆ ತಂತಿಯನ್ನು ತಪ್ಪಿಸಿ ಕರೆಂಟು ಕೊಡುವುದು ಅಪರಾಧ ಎಂದು ಊರಿಗೆಲ್ಲ ಹೇಳುತ್ತಿದ್ದವನು ನಾನು. ಎರಡು ನಿಮಿಷಕ್ಕೆ ಹಾಗೆ ಮಾಡಿದರೆ ಯಾವ ಕಾಯಿಲೂ ಸುಡುವುದಿಲ್ಲ. ಹಳಿಯ ಮೇಲೆ ನಿಂತಾಗ ಕಾಯಿಲ್ ಸುಟ್ಟರೂ ಸುಡಲಿ. ಇದು ನನಗೆ ಹೊಳೆಯಲೇ ಇಲ್ಲ.

ವಾರದ ಮೇಲೆ ಷೆಡ್ಡಿನಲ್ಲಿ ವಿಚಾರಣೆ. ಮ್ಯಾನೇಜರು, ಸಾಹುಕಾರರು, ಮೇಸ್ತ್ರಿ, ಚಿಕ್ಕಣ್ಣನ ಅಣ್ಣ, ನಾನು. ಕಾಯಿಲ್ ಮತ್ತು ಪಿಂಗಾಣಿ ತುಂಡು ಜಖಂ ಆಗದೆ ಸಿಕ್ಕಿದ್ದವು. ಮ್ಯಾನೇಜರು ನನ್ನ ಚೀಟಿಯನ್ನು ಮೇಜಿನ ಮೇಲಿಟ್ಟು, ತಾವೇ ಮೀಟರಿನಿಂದ ತುಂಡನ್ನು ಅಳೆದರು. ಮುಳ್ಳು ನಿಲ್ಲಬೇಕಾದಲ್ಲಿಯೇ ನಿಂತಿತು.

“ತುಂಡು ಸರಿಯಾಗಿದೆ. ಚೀಟಿಯಲ್ಲೂ ಹಾಗೇ ಇದೆ,” ಎಂದರು. “ಹಳಿ ಮೇಲೆ ಹತ್ತುವಾಗ ಡ್ರೈವರೇ ಎಂಜಿನ್ ನಿಲ್ಲಿಸಿಕೊಂಡಿದ್ದಾನೆ.”

“ನನ್ನ ಮಗಳ ಜೀವ ತೆಗೀತಿದ್ದ ಬಡ್ಡೀಮಗ,” ಎಂದರು ಸಾಹುಕಾರರು. “ಕಾಲು ಹೋಯ್ತಲ್ಲ ಅಂತ ಸುಮ್ಕಿದೀನಿ. ಇನ್ಮೇಲೆ ಅವನು ನಮ್ಮ ಬಾಗಿಲು ತುಳಿಯೋದು ಬೇಡ.”

ಅಣ್ಣ ಕೈ ಮುಗಿದುಕೊಂಡು ನಿಂತಿದ್ದ. ಚಿಕ್ಕಣ್ಣನಿಗೆ ಹೆಂಡತಿ, ಮೂರು ಮಕ್ಕಳು. ಕಾಲಿನ ಜೊತೆ ಅನ್ನವೂ ಹೆಸರೂ ಹೋಗುವುದರಲ್ಲಿದ್ದವು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು.

“ಕಾಯಿಸಿ ನೋಡಬೇಕು,” ಎಂದೆ.

ತುಂಡನ್ನು ಕಾಯಿಲಿನ ಜೊತೆ ಬ್ಯಾಟರಿಗೆ ಜೋಡಿಸಿದೆ. ಎಲ್ಲರೂ ಮುಳ್ಳನ್ನು ನೋಡುತ್ತಾ ಕುಳಿತರು. ಮೇಸ್ತ್ರಿ ನೀರು ಚಿಮುಕಿಸಿದಾಗ ಚುಂಯ್ ಎಂದಿತು. ಸ್ವಲ್ಪ ಹೊತ್ತಾದ ಮೇಲೆ, ತಟ್ಟುವ ಮೊದಲೇ, ಮುಳ್ಳು ಸೊನ್ನೆಗೆ ಬಿತ್ತು. ನಾನು ತಣ್ಣಗಿರುವಾಗ ಪರೀಕ್ಷೆ ಮಾಡಿದ್ದು ತಪ್ಪು, ಚಿಕ್ಕಣ್ಣನದು ಏನೂ ತಪ್ಪಿಲ್ಲ ಎಂದು ಹೇಳಿದೆ. ಸಾಹುಕಾರರ ಮುಖ ಇಳಿಯಿತು. “ಅರ್ಧ ಗಂಟೆ ಕೊಡಿ ಅಂದಿದ್ರಿ ನೀವು,” ಎಂದು ಮೇಸ್ತ್ರಿಗೆ ಹೇಳಿ ಎದ್ದು ಹೋದರು. ಚಿಕ್ಕಣ್ಣನಿಗೆ ಮಂಡಿಯಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಅಂದಿನಿಂದ ಷೆಡ್ಡಿನಲ್ಲಿ ಕಾಯಿಸದೆ ಯಾವ ತಂತಿಯನ್ನೂ ಹೊರಗೆ ಬಿಡಲಿಲ್ಲ. ನೀವೂ ಬಿಡಬೇಡಿ, ಗಿರಾಕಿ ಏನೇ ಹೇಳಲಿ, ಗಡಿಯಾರ ಎಷ್ಟೇ ತೋರಿಸಲಿ. ತಪ್ಪನ್ನು ಒಪ್ಪಿಕೊಂಡ ಧೈರ್ಯಕ್ಕೆ ಕೆಲವರು ನನ್ನನ್ನು ಹೊಗಳಿದರು.

ಆದರೆ ತಳ್ಳುವುದು ಬೇಡ ಎಂದು ನಾನು ಹೇಳಿದ ಮಾತಿನ ಬಗ್ಗೆ ವಿಚಾರಣೆಯಲ್ಲಿ ಯಾರೂ ಪ್ರಶ್ನೆ ಎತ್ತಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ತಂತಿಯನ್ನು ಇನ್ನೊಮ್ಮೆ ಕಾಯಿಸಿ, ಗಡಿಯಾರ ಹಿಡಿದು ಆ ಮುಳ್ಳಿನ ಮುಂದೆ ಒಬ್ಬನೇ ಕುಳಿತೆ. ತಂತಿ ತಣ್ಣಗಾಗಿ ಮುಳ್ಳು ಮತ್ತೆ ಮೇಲೇಳಲು ನಾಲ್ಕು ನಿಮಿಷ ಹಿಡಿಯಿತು. ಗಾಳಿ ಹಾಕಿ ನೋಡಿದೆ. ಮೂರಕ್ಕಿಂತ ಕಡಿಮೆ ಆಗಲಿಲ್ಲ. ಅಂದು ರೈಲು ಎಂಜಿನ್ ಬರಲು ಎರಡು ನಿಮಿಷವೂ ಆಗಿರಲಿಲ್ಲ.

ತಳ್ಳುವುದು ಬೇಡ ಎಂದ ನನ್ನ ಮಾತನ್ನು ಚಿಕ್ಕಣ್ಣ ಯಾರಿಗೂ ಹೇಳಿರಲಿಲ್ಲ. ಅವನ ಹೆಂಡತಿಗೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಒಂದೆರಡು ವರ್ಷ ನಾನು ಮಂಡಿಯ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಅವನು ಬದನೆಕಾಯಿ ಮೂಟೆಗಳ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದ, ಊರುಗೋಲು ಗೋಡೆಗೆ ಒರಗಿಸಿತ್ತು. ನನ್ನನ್ನು ಕಂಡು ಮುಖ ಅರಳಿಸಿ, “ಬನ್ನಿ ರಾಯ್ರೇ, ಕೂತ್ಕಳಿ,” ಎಂದು ಒಂದು ಖಾಲಿ ಬುಟ್ಟಿ ಬೋರಲು ಹಾಕಿದ. ಮನೆಯ ಯೋಗಕ್ಷೇಮ ಕೇಳಿದ. ಷೆಡ್ಡಿಗೆ ಯಾವ ಯಾವ ಹೊಸ ಕಾರು ಬಂದಿವೆ ಎಂದು ಕೇಳಿದ. ಆಮೇಲೆ ದನಿ ತಗ್ಗಿಸಿದ.

“ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ. ಆವತ್ತು ಇನ್ನೊಂದ್ ಚೂರು ಹೊತ್ತು ಸಿಕ್ಕಿದ್ರೆ ಹಿಡ್ಕೊಳ್ತಿತ್ತು, ಅಲ್ವಾ?”

ಹೌದು ಎಂದು ಹೇಳಿಬಿಡಬಹುದಿತ್ತು. ಅವನು ಅದನ್ನೇ ಕೇಳಲು ಕಾದಿದ್ದಂತೆ ಕಂಡಿತು.

“ಇಲ್ಲ ಚಿಕ್ಕಣ್ಣ,” ಎಂದೆ. “ನಾಲ್ಕು ನಿಮಿಷ ಬೇಕಾಗಿತ್ತು. ಆಮೇಲೆ ಅಳೆದು ನೋಡಿದೆ.”

ಅವನು ಎದುರಿನ ಮೂಟೆಯಿಂದ ಹೊರಬಿದ್ದಿದ್ದ ಒಂದು ಬದನೆಕಾಯಿಯನ್ನು ಎತ್ತಿ ಒಳಗಿಟ್ಟ.

“ಹಂಗಾದ್ರೆ ತಳ್ಳೋದೇ ಸರಿ ಇತ್ತು,” ಎಂದ. “ನಾನು ಭುಜ ಕೊಟ್ಟಿದ್ದೆ. ಅಲುಗಾಡಿತ್ತು ರಾಯ್ರೇ, ಕಾರು ಅಲುಗಾಡಿತ್ತು.”